ಸಮಗ್ರ ರಾಯರು

"ರಾಯರೇ, ಸಕ್ಕರೆ ಕಾಯಿಲೆ ಮಾತ್ರೆ ನುಂಗ್ತಿದ್ದೀರಾ?"

"ತಪ್ಪದೆ ಡಾಕ್ಟ್ರೇ! ಜೊತೆಗೆ ಹಾಗಲರಸ, ಮೆಂತ್ಯದ ನೀರು, ಮಧುನಾಶಿನಿ ಚೂರ್ಣ, ರಾತ್ರಿಗೆ ಹೋಮಿಯೋಪತಿ. ಯಾರಿಗೂ ಬೇಜಾರಾಗಬಾರದು ನೋಡಿ."

"ಊಟ?"

"ಬರೀ ಸಿರಿಧಾನ್ಯ. 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯ ವರ್ಷ ಅಂದಿತ್ತಲ್ಲ! ನವಣೆ ಹೋಳಿಗೆ, ಸಾಮೆ ಪಾಯಸ, ರಾಗಿ ಲಾಡು."

"ಬೆಲ್ಲ?"

"ಸಾವಯವ!"

"ಯೋಗ?"

"ದಿನಾ ನೋಡ್ತೀನಿ, ಟೀವಿಯಲ್ಲಿ."

"ಮೊನ್ನೆ ತಲೆ ಸುತ್ತಿ ಬಿದ್ದಿರಂತೆ?"

"ಮೈಯೊಳಗಿನ ವಿಷ ಇಳೀತಿದೆ ಅಂದ್ರು."

"ಯಾರು?"

"ಪಾರ್ಕ್ ಬೆಂಚಿನೋರು."

"ಇಳಿದದ್ದು ವಿಷವಲ್ಲ, ಸಕ್ಕರೆ ಇರಬೇಕು! ಮಾತ್ರೆಯ ಜೊತೆ ಹಾಗಲರಸ, ಮಧುನಾಶಿನಿ ಸೇರಿದರೆ ಅದು ವಿಪರೀತ ಇಳಿಯಬಹುದು. ಪದ್ಧತಿ ಎಷ್ಟಾದರೂ ಇರಲಿ, ಹೊಟ್ಟೆಗೆ ಹೋಗೋದನ್ನೆಲ್ಲ ವೈದ್ಯರಿಗೆ ಹೇಳಿ. ಮತ್ತೆ, ಸಾವಯವ ಬೆಲ್ಲವೂ ಸಕ್ಕರೆಯೇ!"