ಪಕ್ಕದ ಮನೆಗೆ ಸಿನಿಮಾ ದಾಟಿಸುವ ವಿಧಾನ

ಬಳಕೆದಾರರ ಕೈಪಿಡಿ (ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ವಲಯಕ್ಕೆ ಮಾತ್ರ)

ಯಾರೂ ನೋಡದ ಒಳ್ಳೆಯ ಕನ್ನಡ ಸಿನಿಮಾವೊಂದನ್ನು ನೀವು ನೋಡಿಬಿಟ್ಟಿದ್ದೀರಿ. ಅಭಿನಂದನೆಗಳು. ಅದನ್ನು ಇನ್ನೊಬ್ಬರಿಗೆ ಅಂಟಿಸದ ಹೊರತು ಇನ್ನು ನಿಮಗೆ ನಿದ್ದೆ ಬರುವುದಿಲ್ಲ. ಇದು ಸಹಜ ಸ್ಥಿತಿ, ಗಾಬರಿ ಬೇಡ. ಆದರೆ ಕ್ರಮ ತಿಳಿಯದೆ ಶಿಫಾರಸು ಮಾಡಿ, ಲಿಫ್ಟಿನಲ್ಲಿ ಮುಖ ತಪ್ಪಿಸಿಕೊಂಡು ಓಡಾಡುವವರು ನಮ್ಮ ಬಡಾವಣೆಗಳಲ್ಲಿ ಬೇಕಾದಷ್ಟಿದ್ದಾರೆ. ಮೊದಲ ಬಳಕೆಗೆ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ, ಟಿವಿ ಸ್ಟ್ಯಾಂಡಿನ ಡ್ರಾಯರ್‌ನಲ್ಲಿ ಹಳೆಯ ರಿಮೋಟ್‌ಗಳ ಜೊತೆ ಇಟ್ಟುಕೊಳ್ಳಿ.

1. ಪೆಟ್ಟಿಗೆಯೊಳಗೆ ಏನೇನಿದೆ

ಒಂದು ಸಿನಿಮಾದ ಹೆಸರು. ಅದರ ಬಗ್ಗೆ ಒಂದೇ ಒಂದು ವಾಕ್ಯ. ಯಾರದೋ ಚಿಕ್ಕಪ್ಪನ ಮಗನ ಪಾಸ್‌ವರ್ಡ್. ತಾಳ್ಮೆಯನ್ನು ಪ್ರತ್ಯೇಕವಾಗಿ ಹೊಂದಿಸಿಕೊಳ್ಳತಕ್ಕದ್ದು.

2. ಎಚ್ಚರಿಕೆಗಳು

ಪ್ರಶಸ್ತಿಯ ಸುದ್ದಿ ಎತ್ತಬಾರದು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ನಾಲ್ಕಕ್ಕೂ ಸ್ವರ್ಣ ಕಮಲ ಬಂದಿದೆ ಎಂಬುದು ನಿಮ್ಮ ತಿಳಿವಳಿಕೆಗೆ ಮಾತ್ರ. ಹೊರಗೆ ಬಾಯಿಬಿಟ್ಟರೆ, ಎಂಬತ್ತರ ದಶಕದಲ್ಲಿ ಭಾನುವಾರ ಮಧ್ಯಾಹ್ನದ ದೂರದರ್ಶನ ನೋಡಿ ಬೆಳೆದ ಯಾರೇ ಆಗಲಿ ಕೂಡಲೇ ಕೇಳುತ್ತಾರೆ: “ಅಯ್ಯೋ, ಆರ್ಟ್ ಪಿಕ್ಚರ್ರಾ? ಕತ್ಲೇಲಿ ಲಾಟೀನು ಹಿಡ್ಕೊಂಡು ಓಡಾಡ್ತಾರಲ್ಲ, ಅದಾ?” ಅಲ್ಲಿಗೆ ಮುಗಿಯಿತು.

“ಸ್ವಲ್ಪ ಸ್ಲೋ ಇದೆ, ಆದ್ರೆ…” ಎಂದು ಶುರು ಮಾಡಬಾರದು. ‘ಆದ್ರೆ’ಯ ನಂತರದ ಮಾತು ಯಾರ ಕಿವಿಗೂ ಬೀಳುವುದಿಲ್ಲ.

“ನೀವು ನೋಡ್ಲೇಬೇಕು” ಎನ್ನಬಾರದು. ಆಸ್ತಿ ತೆರಿಗೆ ಕಟ್ಟಲೇಬೇಕು, ನಾಯಿಗೆ ಇಂಜೆಕ್ಷನ್ ಹಾಕಿಸಲೇಬೇಕು. ಈ ಸಾಲಿಗೆ ಸಿನಿಮಾ ಸೇರಿಸಿದರೆ ಅದೂ ಮುಂದಿನ ತಿಂಗಳಿಗೆ ಹೋಗುತ್ತದೆ.

ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ‘ನೀವು ನೋಡಿರದ ಹತ್ತು ಚಿತ್ರಗಳು’ ಎಂಬ ಪಟ್ಟಿ ಹಾಕಬಾರದು. ನೀರಿನ ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತದೆಂಬ ಚರ್ಚೆಯ ಅಡಿಯಲ್ಲಿ ಅದು ಹೂತುಹೋಗುತ್ತದೆ. ಹತ್ತು ಹೆಸರು ಎಲ್ಲರಿಗೂ ಹೇಳಿದರೆ ಯಾರಿಗೂ ಹೇಳಿದಂತಲ್ಲ. ಒಂದು ಸಿನಿಮಾ, ಒಂದು ಮನೆ, ಒಂದು ಸಂಜೆ: ಈ ಯಂತ್ರದ ಗರಿಷ್ಠ ಸಾಮರ್ಥ್ಯ ಇಷ್ಟೇ.

3. ಬಳಕೆಗೆ ಮುನ್ನ ತಪಾಸಣೆ

“ನಿಮಗೆ ಯಾವ ಥರದ ಸಿನಿಮಾ ಇಷ್ಟ?” ಎಂದು ಕೇಳಬೇಡಿ. ಎಲ್ಲರೂ ‘ಬಂಗಾರದ ಮನುಷ್ಯ’ ಅನ್ನುತ್ತಾರೆ, ನೀವು ತಲೆಯಾಡಿಸಿ ವಾಪಸ್ ಬರಬೇಕಾಗುತ್ತದೆ. ಬದಲಿಗೆ ಮನೆಯ ದೂರು ಕೇಳಿ. “ಏನ್ ಆಂಟಿ, ಸಪ್ಪಗಿದೀರಾ?” ಅಂದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ಇದಕ್ಕೆ ಕಾರಣವಿದೆ. ದೊಡ್ಡ ಚಿತ್ರಗಳನ್ನು ಎಲ್ಲರಿಗೂ ಸಲ್ಲಲಿ ಎಂದೇ ತೆಗೆದಿರುತ್ತಾರೆ. ಕಣ್ಣಿಗೆ ಬೀಳದೆ ಹೋದವು ಹಾಗಲ್ಲ. ಒಂದು ಕಚೇರಿಯ, ಒಂದು ತುಂಡು ನೆಲದ, ಒಬ್ಬ ಹೆಂಗಸಿನ ಸಂಕಟವನ್ನು ಹಿಡಿದು ಕೂತಿರುತ್ತವೆ. ಅದೇ ಸಂಕಟದಲ್ಲಿರುವ ಮನೆಯನ್ನು ಹುಡುಕಿ ಮುಟ್ಟಿಸುವುದಷ್ಟೇ ನಿಮ್ಮ ಕೆಲಸ. ಮುಟ್ಟಿದರೆ ಸ್ಲೋ ಎನ್ನುವ ಮಾತೇ ಬರುವುದಿಲ್ಲ. ತಮ್ಮದೇ ಕಥೆಯನ್ನು ಸ್ಲೋ ಅಂದವರನ್ನು ಈವರೆಗೆ ಯಾರೂ ಕಂಡಿಲ್ಲ.

4. ಜೋಡಣೆ

ದೂರು: ಜಮೀನು. ಯಲಹಂಕದಿಂದ ದೇವನಹಳ್ಳಿಯವರೆಗೆ ಈ ದೂರು ಹೇರಳವಾಗಿ ಸಿಗುತ್ತದೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಅಣ್ಣತಮ್ಮಂದಿರು ಹಬ್ಬಕ್ಕಿಂತ ಹೆಚ್ಚಾಗಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೇ ಭೇಟಿಯಾಗುತ್ತಾರೆ. ಇಂಥ ಮನೆಗೆ ರಾಮ್ ರೆಡ್ಡಿಯವರ ‘ತಿಥಿ’. ಮಂಡ್ಯ ಕಡೆಯ ನೊದೆಕೊಪ್ಪಲು ಎಂಬ ಊರಲ್ಲಿ, ಆ ಊರಿನವರನ್ನೇ ನಟರನ್ನಾಗಿ ಮಾಡಿಕೊಂಡು, ಈರೇಗೌಡರ ಜೊತೆ ಕೂತು ಬರೆದ ಚಿತ್ರ. 101 ವರ್ಷದ ಸೆಂಚುರಿ ಗೌಡ ತೀರಿಕೊಂಡಿದ್ದಾನೆ. ಮೊಮ್ಮಗ ತಮ್ಮಣ್ಣನಿಗೆ ಭೂಮಿ ಮಾರಬೇಕು. ನಡುವೆ ಅಪ್ಪ ಗಡ್ಡಪ್ಪ ಇದ್ದಾನೆ. ಅವನಿಗೆ ಭೂಮಿಯೂ ಬೇಡ, ಮನೆಯೂ ಬೇಡ, ಜೇಬಲ್ಲೊಂದು ಬಾಟಲಿ ಇದ್ದರೆ ಸಾಕು. ಬದುಕಿರುವ ಅಪ್ಪನಿಗೆ ಮಗನೇ ಮರಣ ಪ್ರಮಾಣಪತ್ರ ಮಾಡಿಸಲು ಹೊರಡುತ್ತಾನೆ. ಶಿಫಾರಸು ವಾಕ್ಯ: “ಗೌಡ್ರೇ, ಪಾಲು ವಿಭಾಗದ ಪಿಕ್ಚರ್, ನಗು ತಡ್ಕೊಳಕ್ಕಾಗಲ್ಲ.” ಲೊಕಾರ್ನೊ ಚಿತ್ರೋತ್ಸವದ ವಿಷಯ ಎತ್ತಬೇಡಿ. ಎಲ್ಲ ಅಣ್ಣತಮ್ಮಂದಿರನ್ನೂ ಒಂದೇ ಸೋಫಾ ಮೇಲೆ ಕೂರಿಸಬೇಡಿ.

ದೂರು: ಕಚೇರಿ ಅಲೆದಾಟ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಈಗ ವರ್ಷಕ್ಕೊಮ್ಮೆ ತಾನಿನ್ನೂ ಬದುಕಿದ್ದೇನೆಂದು ಪ್ರಮಾಣಪತ್ರ ಒಪ್ಪಿಸಿ ಬರುವ ಹಿರಿಯರು ನಿಮ್ಮ ಬೀದಿಯಲ್ಲಿ ಒಬ್ಬರಾದರೂ ಇದ್ದಾರೆ. ಅವರಿಗೆ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕತೆ, ಚಾರುಹಾಸನ್ ಅವರ ತಬರ. ಪುರಸಭೆಯ ಕೆಲಸದಿಂದ ನಿವೃತ್ತನಾದ ತಬರನ ಪಿಂಚಣಿ ಫೈಲು ಒಂದು ಮೇಜಿಂದ ಇನ್ನೊಂದಕ್ಕೆ ತೆವಳುತ್ತದೆ. ಮನೆಯಲ್ಲಿ ಹೆಂಡತಿಯ ಕಾಲಿನ ಗಾಯ ಮಾತ್ರ ಕಾಯುವುದಿಲ್ಲ. ಕಂಪ್ಯೂಟರ್ ಬಂದರೂ ಕೌಂಟರಿನ ಆಚೆ ಕೂತವರ ದನಿ ಚಿತ್ರ ಬಂದ 1986ರಿಂದ ಬದಲಾಗಿಲ್ಲ ಎಂಬುದನ್ನು ಅವರೇ ನಿಮಗೆ ವಿವರಿಸುತ್ತಾರೆ. ಮುಗಿದ ಮೇಲೆ ಕೂಡಲೇ ಎದ್ದು ಬರಬೇಡಿ. ಕಾಫಿ ಕುಡಿಯಿರಿ, ಅವರ ಫೈಲಿನ ಕಥೆಯನ್ನೂ ಕೇಳಿ. ಅದು ಚಿತ್ರಕ್ಕಿಂತ ಉದ್ದ ಇರುವ ಸಾಧ್ಯತೆಯಿದೆ.

ದೂರು: ರಸ್ತೆ. ಹೆಬ್ಬಾಳದ ಮೇಲ್ಸೇತುವೆ ದಾಟಿ ಬಂದವರಿಗೆ ಮೊದಲು ನೀರು ಕೊಡಿ, ನಂತರ ಕೋಡ್ಲು ರಾಮಕೃಷ್ಣ ಅವರ ‘ಉದ್ಭವ’ (1990). ಬಿ.ವಿ. ವೈಕುಂಠರಾಜು ಅವರ ಬರಹ ಇದಕ್ಕೆ ಮೂಲ. ರಸ್ತೆ ಅಗಲ ಮಾಡುವ ಯೋಜನೆಯ ದಿಕ್ಕು ತಪ್ಪಿಸಲು ನೆಲದಿಂದ ಗಣೇಶನನ್ನೇ ಎಬ್ಬಿಸುವ ಚತುರನಾಗಿ ಅನಂತ್‌ನಾಗ್. ಇದೇ ಮನೆಯಲ್ಲಿ ಗಂಭೀರವಾದದ್ದೇ ಬೇಕೆಂದರೆ ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’ (1985). ಅಮಲಿನಲ್ಲಿ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಕಾರು ಹತ್ತಿಸುವ ದೊಡ್ಡ ಮನೆಯ ಹುಡುಗ, ಅವನನ್ನು ಉಳಿಸಲು ಹೊರಡುವ ಅಧಿಕಾರ. ಇಂದಿನ ಬೆಳಗಿನ ಪತ್ರಿಕೆ ಓದಿದವರಿಗೆ ಚಿತ್ರದ ವಯಸ್ಸು ಗೊತ್ತಾಗುವುದು ಕಾರಿನ ಮಾಡೆಲ್‌ನಿಂದ ಮಾತ್ರ.

ದೂರು: ಡಬ್ಬಿಗಳು. ಆರ್.ಟಿ. ನಗರದ ಯಾವುದೋ ಮನೆಯ ದಿವಾನದ ಕೆಳಗೆ ಮಾರಾಟವಾಗದ ಪ್ರೋಟೀನ್ ಪುಡಿ ಡಬ್ಬಿಗಳಿವೆ. ಒಂದು ನಿಮ್ಮ ಮನೆಗೂ ಬಂದಿದೆ. ಅಲ್ಲಿಗೆ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’. ಕೊಪ್ಪಳ ಸೀಮೆಯ ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ, ಮಗಳ ಮದುವೆಯ ದುಡ್ಡನ್ನೂ ಪಣಕ್ಕಿಟ್ಟು ಶಕ್ತಿವರ್ಧಕ ಪೇಯ ಮಾರಲು ಮನೆಮನೆ ಸುತ್ತುತ್ತಾಳೆ. ಶರಣಮ್ಮ ಚೆಟ್ಟಿಯವರ ಶಿವಮ್ಮನನ್ನು ನೋಡಿ ನಗುವುದೋ ಭಯಪಡುವುದೋ ತಿಳಿಯುವುದಿಲ್ಲ, ಅಷ್ಟು ಹಟ. ಬೂಸಾನ್ ಚಿತ್ರೋತ್ಸವದಲ್ಲಿ 2022ರಲ್ಲಿ ಗೆದ್ದ ಈ ಚಿತ್ರ ನಮ್ಮ ಚಿತ್ರಮಂದಿರಕ್ಕೆ ಬಂದದ್ದು 2024ರಲ್ಲಿ. ಎಚ್ಚರಿಕೆ: ಬುದ್ಧಿ ಹೇಳುವ ದನಿಯಲ್ಲಿ ಶಿಫಾರಸು ಮಾಡಿದರೆ ಇನ್ನೆರಡು ಡಬ್ಬಿ ಕೊಳ್ಳಬೇಕಾಗುತ್ತದೆ.

ದೂರು: ಮಗು ನೋಡಿಕೊಳ್ಳುವವರಿಲ್ಲ. ಗಂಡ ಹೆಂಡತಿ ಇಬ್ಬರೂ ಮಾನ್ಯತಾ ಟೆಕ್ ಪಾರ್ಕಿಗೆ ಹೋಗುವ ಮನೆ. ಪೃಥ್ವಿ ಕೊಣನೂರು ಅವರ ‘ಪಿಂಕಿ ಎಲ್ಲಿ?’ ಇವರಿಗೆಂದೇ ಮಾಡಿದಂತಿದೆ: ಕೆಲಸದಾಕೆಯ ಕೈಯಲ್ಲಿ ಬಿಟ್ಟುಹೋದ ಎಂಟು ತಿಂಗಳ ಕೂಸು ಬೆಂಗಳೂರಿನಲ್ಲಿ ಕಳೆದುಹೋಗುತ್ತದೆ. ಇವರಿಗೆಂದೇ ಮಾಡಿದಂತಿರುವುದರಿಂದಲೇ ಇವರಿಗೆ ಕೊಡಬಾರದು. ಮಗು ಶಾಲೆಗೆ ಸೇರುವವರೆಗೆ ತಡೆಹಿಡಿಯಿರಿ. ಗಾಯ ಹಸಿ ಇರುವಾಗ ಔಷಧ ಉರಿಯುತ್ತದೆ; ನಿಯಮ 3ಕ್ಕೆ ಇದೊಂದೇ ಅಪವಾದ.

ದೂರು: ರಿಮೋಟ್. ಸೊಸೆಗೆ ಕ್ರಿಕೆಟ್, ಅತ್ತೆಗೆ ಧಾರಾವಾಹಿ, ಮಗನಿಗೆ ಎರಡೂ ಬೇಡ. ಅಲ್ಲಿಗೆ ವೈದೇಹಿಯವರ ಕತೆ ಆಧರಿಸಿದ ‘ಗುಲಾಬಿ ಟಾಕೀಸ್’ (2008). ಕುಂದಾಪುರ ಸೀಮೆಯ ಮೀನುಗಾರರ ನಡುವೆ ಬಾಳುವ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಡಿಶ್ ಸಮೇತ ಟಿವಿ ಬರುತ್ತದೆ. ಅಲ್ಲಿಯವರೆಗೆ ಅವಳ ಹೊಸಿಲು ತುಳಿಯದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಕೂರುತ್ತಾರೆ. ಹೊರಗೆ ಊರು ಎರಡು ಪಾಲಾಗುತ್ತಿದೆ. ಒಂದು ಟಿವಿಯ ಮುಂದೆ ಯಾರು ಯಾರು ಕೂರಬಹುದು ಎಂಬುದರ ಬಗ್ಗೆ ಇದಕ್ಕಿಂತ ಒಳ್ಳೆಯ ಕನ್ನಡ ಚಿತ್ರ ಈ ಕೈಪಿಡಿಗೆ ಗೊತ್ತಿಲ್ಲ. ಉಮಾಶ್ರೀಯವರನ್ನು ಹಾಸ್ಯ ಪಾತ್ರಗಳಲ್ಲಷ್ಟೇ ನೋಡಿದವರು ಮೊದಲ ಹತ್ತು ನಿಮಿಷದಲ್ಲೇ ರಿಮೋಟ್ ಕೆಳಗಿಡುತ್ತಾರೆ.

5. ಬಿಡಿಭಾಗಗಳು ಎಲ್ಲಿ ಸಿಗುತ್ತವೆ

ಹೇಳುವುದು ಕಷ್ಟ. ಒಟಿಟಿಯಲ್ಲಿ ಇವತ್ತು ಇದ್ದ ಚಿತ್ರ ನಾಳೆ ಇರುವುದಿಲ್ಲ, ಹಕ್ಕಿನ ಅವಧಿ ಮುಗಿದರೆ ಸದ್ದಿಲ್ಲದೆ ಇಳಿಯುತ್ತದೆ. ಶಿಫಾರಸು ಮಾಡುವ ದಿನ ಬೆಳಿಗ್ಗೆಯೇ ಹುಡುಕಿ ನೋಡಿ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಎರಡು ಮೂರು ಕಾಗುಣಿತದಲ್ಲಿ ಹೊಡೆದು ನೋಡಿ. ‘ತಿಥಿ’ಗೆ ಎಷ್ಟು ‘ಹೆಚ್’ ಎಂದು ಆ ಕಂಪನಿಯವರೂ ತೀರ್ಮಾನಿಸಿರುವುದಿಲ್ಲ. ಹಳೆಯವು ಬಹುಪಾಲು ಯೂಟ್ಯೂಬ್‌ನಲ್ಲಿ ಸಿಗುತ್ತವೆ.

ಕನ್ನಡ ಚಿತ್ರಗಳಿಗೆ ಈ ಒಟಿಟಿ ಅಂಗಡಿಗಳ ಬಾಗಿಲು ಯಾವತ್ತೂ ಅರ್ಧವೇ ತೆರೆದಿರುತ್ತದೆ. 2020ರ ಜುಲೈಯಲ್ಲಿ, ಚಿತ್ರಮಂದಿರಗಳು ಮುಚ್ಚಿದ್ದಾಗ, ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಪ್ರೈಮ್ ವಿಡಿಯೊದಲ್ಲಿ ಬಂದಾಗ ಬಾಗಿಲು ಪೂರ್ತಿ ತೆರೆಯಿತು ಎಂದುಕೊಂಡೆವು. ಆದರೆ 2024ರಲ್ಲಿ ರಕ್ಷಿತ್ ಶೆಟ್ಟಿ ‘ಏಕಂ’ ಸರಣಿಯನ್ನು ತಮ್ಮದೇ ಜಾಲತಾಣ ಮಾಡಿ ತೋರಿಸಬೇಕಾಯಿತು. 2025–26ರ ರಾಜ್ಯ ಬಜೆಟ್ಟಿನಲ್ಲಿ ಕನ್ನಡಕ್ಕೇ ಒಂದು ಸರ್ಕಾರಿ ಒಟಿಟಿಯ ಘೋಷಣೆಯೂ ಆಗಿದೆ. ತಬರನ ಕಥೆ ನೋಡಿದವರು ಈ ಬಗ್ಗೆ ಹೆಚ್ಚು ಕೇಳುವುದಿಲ್ಲ.

6. ಟಿವಿಯ ಸಿದ್ಧತೆ

ಹೊಸ ಟಿವಿಗಳು ಬುದ್ಧಿವಂತಿಕೆ ತೋರಿಸುತ್ತವೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟಿನಲ್ಲಿ ಓಡುತ್ತದೆ. ಟಿವಿ ನಡುನಡುವೆ ತಾನೇ ಚೌಕಟ್ಟು ಹುಟ್ಟಿಸಿ ತುಂಬುತ್ತದೆ. ಆಗ ಎಂಥ ಚಿತ್ರವೂ ಸಂಜೆ ಏಳರ ಧಾರಾವಾಹಿಯಂತೆ ಕಾಣುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಮೋಷನ್ ಹೆಸರಿನ ಎಲ್ಲವನ್ನೂ ಆಫ್ ಮಾಡಿ. ಹಳೆಯ ಚಿತ್ರದ ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ. “ಪರದೆ ವೇಸ್ಟ್ ಆಗ್ತಿದೆ” ಎಂದು ಎಳೆದು ಅಗಲ ಮಾಡಿದರೆ ಉಪವಾಸ ಬಿದ್ದ ಪಾತ್ರಗಳೂ ದಷ್ಟಪುಷ್ಟವಾಗುತ್ತವೆ. ‘ಘಟಶ್ರಾದ್ಧ’ದ ಹಾಗೆ ಹೊಸದಾಗಿ ಸಂಸ್ಕರಿಸಿಕೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದವರೆಗೆ ಹೋದ ಅದೃಷ್ಟ ಎಲ್ಲ ಚಿತ್ರಗಳದ್ದಲ್ಲ, ಉಳಿದವುಗಳ ಮಸುಕನ್ನೂ ಮೂಲೆಯ ಚಾನೆಲ್ ಮುದ್ರೆಯನ್ನೂ ಸಹಿಸಿಕೊಳ್ಳಿ. ಕೊಪ್ಪಳದ, ಮಂಡ್ಯದ ಮಾತು ಹಿಡಿಯದಿದ್ದರೆ ಕನ್ನಡ ಚಿತ್ರಕ್ಕೆ ಸಬ್‌ಟೈಟಲ್ ಹಾಕಿಕೊಳ್ಳುವುದರಲ್ಲಿ ಅವಮಾನವೇನಿಲ್ಲ.

7. ದೋಷ ನಿವಾರಣೆ

ಲಕ್ಷಣ: “ವೀಕೆಂಡ್ ನೋಡ್ತೀನಿ” ಅಂದರು. ಪರಿಹಾರ: ನೋಡುವುದಿಲ್ಲ. ಶನಿವಾರ ಸಂಜೆ ಯಶವಂತಪುರ ಮಾರ್ಕೆಟ್ ಕಡೆಯಿಂದ ಹುರಿಗಡಲೆ ತಂದು ನೀವೇ ಬಾಗಿಲು ತಟ್ಟಿ.

ಲಕ್ಷಣ: ಅರ್ಧದಲ್ಲಿ ಫೋನ್ ಹಿಡಿದರು. ಪರಿಹಾರ: ಸುಮ್ಮನಿರಿ. ಮುಂದಿನ ದೃಶ್ಯದಲ್ಲಿ ಏನಿದೆ ಎಂದು ಹೇಳಿ ಎಳೆಯಲು ಹೋಗಬೇಡಿ. ಚಿತ್ರಕ್ಕಿಂತ ಹೆಚ್ಚಾಗಿ ಅವರ ಮುಖವನ್ನೇ ನೋಡುತ್ತ ಕೂರುವುದೂ ನಿಷಿದ್ಧ.

ಲಕ್ಷಣ: ನಿದ್ದೆ ಹೋದರು. ಪರಿಹಾರ: ಗೊರಕೆ ಬಂದರೆ ದನಿ ತಗ್ಗಿಸಿ, ಚಿತ್ರ ನಿಲ್ಲಿಸಬೇಡಿ. ನಿಲ್ಲಿಸಿದ ಕ್ಷಣವೇ ಎಚ್ಚರಾಗಿ “ನೋಡ್ತಾ ಇದ್ದೆ” ಅನ್ನುತ್ತಾರೆ.

ಲಕ್ಷಣ: “ಕೊನೆಗೆ ಏನಾಯ್ತು ಅಂತಾನೇ ಹೇಳ್ಲಿಲ್ವಲ್ಲ?” ಪರಿಹಾರ: ಇದು ದೋಷವಲ್ಲ. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ.

8. ಖಾತರಿ ಮತ್ತು ಷರತ್ತುಗಳು

ನೀವು ಕೊಟ್ಟ ಸಿನಿಮಾಕ್ಕೆ ಪಕ್ಕದ ಮನೆಯವರು ಮುಯ್ಯಿ ತೀರಿಸುತ್ತಾರೆ. ವಾರದೊಳಗೆ ಒಂದು ಹೆಸರು ಬರುತ್ತದೆ: ಮೂರು ಗಂಟೆಯ ತೆಲುಗು ಚಿತ್ರ, ಅಥವಾ ನೂರಾರು ಕಂತಿನ ಧಾರಾವಾಹಿ. ಅದನ್ನು ಪೂರ್ತಿ ನೋಡತಕ್ಕದ್ದು. ನೋಡದೆ ನೋಡಿದೆ ಎಂದರೆ ಖಾತರಿ ರದ್ದು. ಇಂಟರ್‌ವಲ್ ಆದಮೇಲೆ ಬರುವ ಮೈದುನನ ಬಗ್ಗೆ ಆಂಟಿ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನೋಡುವಾಗ ಮೂಗು ಮುರಿಯದೆ, ಅದರಲ್ಲಿ ನಿಮ್ಮ ಮನೆಯ ಯಾವ ದೂರು ಇದೆ ಎಂದು ಗಮನಿಸಿ. ಸುಮ್ಮನೆ ಆರಿಸಿರುವುದಿಲ್ಲ. ನಡುವಿನ ಗೋಡೆ ತೆಳು, ಅವರಿಗೂ ಎಲ್ಲ ಕೇಳಿಸಿರುತ್ತದೆ.