ನನಗೇನೂ ಆಗಿಲ್ಲ: ಗಂಡಸರ ಬಳಕೆಗಾಗಿ ಕೈಪಿಡಿ

ಬೇಕಾಗುವ ಸಾಮಗ್ರಿ: ಒಂದು ಮೊಬೈಲು, ಒಂದು ಪಟ್ಟಿ ಗ್ಯಾಸ್ಟ್ರಿಕ್ ಮಾತ್ರೆ, ಮನೆಯವರ ಮೇಲೆ ರೇಗಲು ಒಂದು ನೆಪ. ನೆಪ ಸಣ್ಣದಿದ್ದಷ್ಟೂ ಒಳ್ಳೆಯದು. ಸಾರಿಗೆ ಉಪ್ಪು ಕಡಿಮೆಯಾದರೂ ಸಾಕು.

ಮೊದಲ ಹಂತ. ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿದ್ದರೆ ತಪ್ಪನ್ನು ಸೊಳ್ಳೆಯ ಮೇಲೆ ಹಾಕಿ. ಎದೆ ಹಿಡಿದಂತಾದರೆ ಇಸಿಜಿ ಮಾಡಿಸಿ. (ಇದನ್ನು ನಿಜವಾಗಿಯೂ ಮಾಡಿಸಬೇಕು, ತಮಾಷೆಯಲ್ಲ.) ನಾರ್ಮಲ್ ಬಂದರೆ ಲ್ಯಾಬ್ ಬದಲಿಸಿ. ಅಲ್ಲೂ ನಾರ್ಮಲ್ ಬಂದರೆ ಎಂಡೋಸ್ಕೋಪಿ. ಕೊನೆಗೊಮ್ಮೆ ಡಾಕ್ಟರು ರಿಪೋರ್ಟು ಬದಿಗಿಟ್ಟು, "ಕೆಲಸದಲ್ಲಿ, ಮನೇಲಿ ಏನಾದ್ರೂ ಟೆನ್ಶನ್ ಇದೆಯಾ?" ಎಂದು ಕೇಳುತ್ತಾರೆ. ಬಹಳ ಅಪಾಯದ ಗಳಿಗೆ ಇದು. "ಏನಿಲ್ಲ ಸರ್" ಎಂದು ಎದ್ದು ಬನ್ನಿ. ಹೆಂಡತಿ ಜೊತೆಗಿದ್ದರೆ ಆಕೆ ಬಾಯಿ ತೆರೆಯುವ ಮೊದಲೇ ಬಿಲ್ ಕಟ್ಟಲು ಕಳಿಸಿ.

ಎರಡನೆಯದು ಗೆಳೆಯರು. "ತಲೆ ಕೆಡಿಸ್ಕೋಬೇಡ ಮಗಾ, ಸಂಜೆ ಕೂರೋಣ" ಎನ್ನುವವರನ್ನೇ ಆರಿಸಿಕೊಳ್ಳಿ. ಮದ್ಯ ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ, ಖಿನ್ನತೆಯನ್ನು ಬೆಳೆಸುತ್ತದೆ. ನಮ್ಮ ಉದ್ದೇಶಕ್ಕೆ ಇಷ್ಟು ಒದಗಿಬರುವ ವಸ್ತು ಇನ್ನೊಂದಿಲ್ಲ.

ಮೂರನೆಯ ಹಂತವೇ ಮುಖ್ಯ: ಚಿಕಿತ್ಸೆಯ ಬಗ್ಗೆ ಏನನ್ನೂ ತಿಳಿದುಕೊಳ್ಳಬೇಡಿ. ಸೋಫಾದ ಮೇಲೆ ಮಲಗಿಸಿ, ಬಾಲ್ಯದ ಕಥೆ ಕೆದಕಿ, ಅಳಿಸಿ ಕಳಿಸುತ್ತಾರೆಂದೇ ನಂಬಿಕೊಂಡಿರಿ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಹಾಕಿಕೊಟ್ಟ ದಾರಿಯಿಂದ ಬೆಳೆದ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ನಡೆಯುವುದೇ ಬೇರೆ. ಎದುರುಬದುರು ಕುರ್ಚಿ, ಒಂದು ಹಾಳೆ, ಒಂದು ಪೆನ್ನು. "ಕೆಲಸ ಹೋಯಿತು, ಇನ್ನು ನನ್ನಿಂದ ಏನೂ ಆಗದು" ಎಂಬ ಯೋಚನೆಯನ್ನು ಬರೆದು, ಅದಕ್ಕೆ ಸಾಕ್ಷಿ ಏನು, ಅದರ ವಿರುದ್ಧ ಏನಿದೆ ಎಂದು ಪಾಟೀಸವಾಲು ಹಾಕುತ್ತಾರೆ. ಹೋಗುವಾಗ ಹೋಂವರ್ಕ್ ಕೊಡುತ್ತಾರೆ. ಉತ್ಸಾಹ ಬಂದಮೇಲೆ ವಾಕಿಂಗ್ ಹೋಗುತ್ತೇನೆ ಎಂದರೆ ಕೇಳುವುದಿಲ್ಲ. ಮೊದಲು ಹತ್ತು ನಿಮಿಷ ನಡೆಯಿರಿ, ಉತ್ಸಾಹ ಹಿಂದೆಯೇ ಬರುತ್ತದೆ ಎನ್ನುತ್ತಾರೆ. ವಾದ ಗೆಲ್ಲುವ ಚಟವಿರುವ ನಮ್ಮ ಗಂಡಸರಿಗೆ ಹೇಳಿ ಮಾಡಿಸಿದ ಕೆಲಸ ಎಂಬುದು ನನ್ನ ಅನಿಸಿಕೆ. ಅದಕ್ಕೇ ಈ ಗುಟ್ಟು ಹೊರಬೀಳಬಾರದು.

ಕರ್ನಾಟಕ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಮಂಗಳವಾರ ಆ ಬೀದಿಯಲ್ಲೇ ಹಾಯಬೇಡಿ.

ಎಚ್ಚರಿಕೆ. ಈ ಕೈಪಿಡಿಯನ್ನು ಓದದೆಯೇ ಚಾಚೂ ತಪ್ಪದೆ ಪಾಲಿಸುವವರು ಬಹಳ ಮಂದಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಜನ; ಅವರಲ್ಲಿ 1,22,724 ಗಂಡಸರು. ಸಾಲ, ಕಾಯಿಲೆ, ಮನೆಯ ಜಗಳ, ಕುಡಿತ ಎಲ್ಲವೂ ಆ ಲೆಕ್ಕದ ಹಿಂದಿವೆ. ಯಾರಿಗೂ ಹೇಳಿಕೊಳ್ಳದಿರುವುದೂ ಇದೆ.

ಕೈಪಿಡಿಯನ್ನು ಹರಿದುಹಾಕಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು. "ಏನಿಲ್ಲ, ಸುಮ್ನೆ ಮಾಡ್ದೆ" ಎಂದು ಶುರು ಮಾಡಿದರೂ ಪರವಾಗಿಲ್ಲ, ಫೋನ್ ಮಾಡಿ.