ಎಟಿವಿ ಒಕ್ಕಣೆ

ಮೂವತ್ತು ವರ್ಷದಿಂದ ಬೈಕು ಓಡಿಸುತ್ತಿದ್ದೇನೆ ಎಂಬ ಮಾತನ್ನು ಆ ಭಾನುವಾರ ಅತ್ತಿಬೆಲೆ ಮುಟ್ಟುವಷ್ಟರಲ್ಲಿ ನಾನು ನಾಲ್ಕು ಸಲ ಹೇಳಿದ್ದೆನಂತೆ. ಲೆಕ್ಕ ಇಟ್ಟವನು ಬ್ಯಾಂಕಿನ ಗೆಳೆಯ. ಕ್ಯಾಮೆರಾ ಗೆಳೆಯ ಮಾತ್ರ ಏನನ್ನೂ ಕೇಳಿಸಿಕೊಳ್ಳದೆ, ಎದೆಗೆ ಕ್ಯಾಮೆರಾ ಕಟ್ಟಿಕೊಳ್ಳುವ ಬೆಲ್ಟಿನ ಬಕಲ್ ಹುಡುಕುತ್ತಿದ್ದ. ಜನವರಿಯ ಚಳಿ. ಹೊಸೂರಿನಲ್ಲಿ ಚಂದ್ರಚೂಡೇಶ್ವರನ ಬೆಟ್ಟವೇ ಮಂಜಿನಲ್ಲಿ ಮಾಯವಾಗಿತ್ತು. ದೇವರಿಗೆ ಕಾಣದ ಹಾಗೆ ಊರು ದಾಟಿದೆವು.

ಕೆಲಮಂಗಲದಾಚೆ ಒಂದು ಮಾವಿನ ತೋಪು. ಅಲ್ಲಿ ಎಟಿವಿ ಎಂಬ ನಾಲ್ಕು ಚಕ್ರದ ಬೈಕುಗಳನ್ನು ಬಾಡಿಗೆಗೆ ಕೊಡುತ್ತಾರೆ. ಅರ್ಧ ಗಂಟೆಗೆ ಸಾವಿರದ ಇನ್ನೂರು, ಬೂಟು ಹೆಲ್ಮೆಟ್ ಸೇರಿ. ಟಿವಿಎಸ್ 50 ಮೊಪೆಡ್ಡು 1980ರಲ್ಲಿ ಹೊರಬಂದದ್ದು ಇದೇ ಹೊಸೂರಿನಿಂದ. ನಮ್ಮಪ್ಪ ಅದರ ಮೇಲೆ ನನ್ನನ್ನು, ಅಮ್ಮನನ್ನು, ಒಂದು ಮೂಟೆ ರಾಗಿಯನ್ನು ಒಟ್ಟಿಗೆ ಸಾಗಿಸುತ್ತಿದ್ದರು. ಮಗನಾದ ನಾನು ಅದೇ ಸೀಮೆಗೆ ಬಂದು, ಎಲ್ಲಿಗೂ ಹೋಗದೆ ಹೊರಟಲ್ಲಿಗೇ ವಾಪಸು ಬರಲು ಅಷ್ಟು ದುಡ್ಡು ಎಣಿಸಿದೆ.

ಹೇಳಿಕೊಟ್ಟ ಹುಡುಗ ಒಂದೇ ವಾಕ್ಯದಲ್ಲಿ ತಮಿಳು, ತೆಲುಗು, ಕನ್ನಡ ಮೂರನ್ನೂ ಉಪಯೋಗಿಸುವವನು. "ಕ್ಲಚ್ ಇಲ್ಲ ಸಾರ್, ಗೇರ್ ಇಲ್ಲ. ಹೆಬ್ಬೆಟ್ಟಲ್ಲಿ ಒತ್ತಿದ್ರೆ ಹೋಗತ್ತೆ. ಕಾಲು ಮಾತ್ರ ಕೆಳಗಿಡಬ್ಯಾಡಿ, ಹಿಂದಿನ ಚಕ್ರ ನಿಮ್ಮ ಪಾದದ ಮೇಲೇ ಹತ್ತತೈತೆ." ನಾನು ಐದನೆಯ ಸಲ ಮೂವತ್ತು ವರ್ಷದ ಮಾತು ಹೇಳಿದೆ. ಅವನು ನಕ್ಕ. ದಿನಾ ಕೇಳುವ ಮಾತಿರಬೇಕು.

ಬೈಕು ಬಲ್ಲವನಿಗೆ ಈ ಗಾಡಿ ಕಷ್ಟ. ಬೈಕು ನಾವು ವಾಲಿದರೆ ತಾನೂ ವಾಲುತ್ತದೆ. ಇದು ಸರ್ಕಾರಿ ಕಚೇರಿಯ ಮೇಜಿನ ಹಾಗೆ, ನೀವು ಎಷ್ಟು ವಾಲಿದರೂ ತಾನು ನೆಟ್ಟಗೇ ಇರುತ್ತದೆ. ಹ್ಯಾಂಡಲನ್ನು ತೋಳಿನ ಬಲದಿಂದ ತಿರುಗಿಸಿ, ಮೈಯನ್ನು ತಿರುವಿನ ಒಳಬದಿಗೆ ಎಸೆಯಬೇಕು. ಹೋಂಡಾದವರು 1970ರಲ್ಲಿ ಮೊದಲು ತಂದಾಗ ಇದಕ್ಕೆ ಮೂರೇ ಚಕ್ರ ಇತ್ತು. ಬಿದ್ದು ಏಟು ತಿಂದವರು ಹೆಚ್ಚಾಗಿ, 1988ರಲ್ಲಿ ಅಮೆರಿಕದಲ್ಲಿ ಮೂರು ಚಕ್ರದ್ದನ್ನು ಹೊಸದಾಗಿ ಮಾರುವುದೇ ನಿಂತುಹೋಯಿತು. ನಾಲ್ಕನೆಯ ಚಕ್ರ ಬಂದದ್ದು ನನ್ನಂಥವರ ಮೇಲಿನ ಕರುಣೆಯಿಂದ. ಅದೂ ಸಾಲಲಿಲ್ಲ.

ಆದದ್ದಿಷ್ಟು. ಎರಡನೆಯ ಸುತ್ತಿನಲ್ಲಿ ಒಂದು ಹಳ್ಳ ಬಂತು. ಹೆದರಿದ ಮನುಷ್ಯ ಏನು ಮಾಡುತ್ತಾನೆ? ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾನೆ. ಹಿಡಿದರೆ ಹೆಬ್ಬೆಟ್ಟು ಒತ್ತುತ್ತದೆ. ಒತ್ತಿದರೆ ವೇಗ, ವೇಗಕ್ಕೆ ಮತ್ತಷ್ಟು ಹೆದರಿಕೆ, ಹೆದರಿಕೆಗೆ ಮತ್ತಷ್ಟು ಬಿಗಿ. ಈ ಲೆಕ್ಕದಲ್ಲಿ ನಾನು ಹಳ್ಳ ಹಾರಿ, ಬೇಲಿಯ ಸಂದಿ ನುಗ್ಗಿ, ಅವರೆ ಸಾಲು ಸವರಿಕೊಂಡು, ಹೊಸದಾಗಿ ಸಗಣಿ ಸಾರಿಸಿದ ಒಂದು ಕಣದ ನಡುವೆ, ಹರಡಿದ್ದ ರಾಗಿ ತೆನೆಯ ಮೇಲೆ ಬಂದು ನಿಂತೆ.

ಕಣದ ಅಂಚಿನಲ್ಲಿ ಒಬ್ಬ ಅಜ್ಜಿ. ಮೊದಲು ತಮಿಳಿನಲ್ಲಿ ಬೈದರು. ಆಮೇಲೆ ತೆಲುಗಿನಲ್ಲಿ. "ಅಯ್ಯಯ್ಯೋ" ಎಂದೆ. ಅದು ಮೂರೂ ಭಾಷೆಗೆ ಸೇರಿದ್ದಾದ್ದರಿಂದ ಗುರುತು ಸಿಗಲಿಲ್ಲ. "ತಪ್ಪಾಯ್ತು ಕಣಮ್ಮಾ" ಎಂದ ಮೇಲೆ ಕನ್ನಡಕ್ಕೆ ಬಂದು, ಅಸಲಿ ವಿಷಯ ಎತ್ತಿದರು. "ಕಣದಾಗೆ ಮೆಟ್ಟು ಹಾಕ್ಕಂಡು ಬಂದಿದ್ದೀಯಲ್ಲ, ನಿನಗೆ ಅಮ್ಮ ಅಪ್ಪ ಯಾರೂ ಹೇಳ್ಕೊಡ್ನಿಲ್ವಾ?"

ಮುನ್ನೂರು ಕಿಲೋದ ಯಂತ್ರದ ಬಗ್ಗೆ ಅವರ ತಕರಾರಿಲ್ಲ. ತಕರಾರು ಬೂಟಿನದು. ಕೂಡಲೇ ಬಿಚ್ಚಿ ಕಣದಾಚೆ ಇಟ್ಟೆ. ಗಾಡಿ ತಳ್ಳಿಕೊಂಡು ಹೋಗಲು ನೋಡಿದರೆ, "ಎಲ್ಲಿಗೆ ಹೊಂಟೆ? ಟ್ರ್ಯಾಕ್ಟರ್‌ನೋನು ಮೂರು ದಿನದಿಂದ ನಾಳೆ ನಾಳೆ ಅಂತವ್ನೆ. ಬಂದಿದ್ದು ಬಂದೆ, ನಾಕು ಸುತ್ತು ಹೊಡ್ಕೊಟ್ಟು ಹೋಗು" ಎಂದರು.

ಹೀಗೆ ನಾನು ಬರಿಗಾಲಲ್ಲಿ, ತಲೆ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿಕೊಂಡು, ರಾಗಿ ಒಕ್ಕಣೆಗೆ ನಿಂತೆ. ಅಷ್ಟರಲ್ಲಿ ಗೆಳೆಯರಿಬ್ಬರೂ ಹುಡುಕಿಕೊಂಡು ಬಂದರು. ಸಹಾಯಕ್ಕೆ ಅಲ್ಲ. "ಒಕ್ಕೋವಾಗ ಎತ್ತು ತೆನೆ ತಿನ್ನದಿರ್ಲಿ ಅಂತ ಬಾಯಿಕುಕ್ಕೆ ಹಾಕ್ತಿದ್ವಿ, ನೀನು ಹಾಕ್ಕಂಡೇ ಬಂದಿದ್ದೀಯ" ಎಂದು ಅಜ್ಜಿ ಹೆಲ್ಮೆಟ್ ತೋರಿಸಿದ್ದು ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಆಮೇಲೆ ಅದು ನಮ್ಮ ಕಾಲೇಜಿನ ಗುಂಪಿಗೂ ಹೋಗಿದೆ. ಸ್ನೇಹ ಎಂದರೆ ಇದೇ ಆದರೆ ನನಗೆ ವೈರಿಗಳೇ ಸಾಕು.

ಆರು ಸುತ್ತು ಹೊಡೆದೆ. ಅಜ್ಜಿ ಒಂದು ತೆನೆ ಎತ್ತಿ ಅಂಗೈಯಲ್ಲಿ ತಿಕ್ಕಿ, ಊದಿ, ನೋಡಿದರು. ನಾಲ್ಕೇ ಕಾಳು. ಮುಖ ಸಿಂಡರಿಸಿಕೊಂಡು ಬಂದು ಮುಂದಿನ ಟಯರನ್ನು ಹೆಬ್ಬೆಟ್ಟಿನಿಂದ ಅದುಮಿದರು. ಟಯರು ಹಲಸಿನ ಹಣ್ಣಿನ ಹಾಗೆ ಒಳಕ್ಕೆ ಹೋಯಿತು. "ಗಾಳಿನೇ ಇಲ್ವಲ್ಲಪ್ಪ! ಇದಕ್ಕೆ ದುಡ್ಡು ಬೇರೆ ಕೊಟ್ಯಾ?"

ಅದು ಹಾಗೇ ಇರಬೇಕಾದದ್ದು ಎಂದು ವಿವರಿಸಿದೆ. ಕಾರಿನ ಟಯರಿಗೆ ಮೂವತ್ತು ಚಿಲ್ಲರೆ ಪೌಂಡು ಗಾಳಿ ತುಂಬಿದರೆ ಇದಕ್ಕೆ ಐದಾರು ಸಾಕು, ಆಗ ಕೆಸರಲ್ಲಿ ಹೂತುಹೋಗದೆ ನೆಲದ ಮೇಲೆ ತೇಲಿದ ಹಾಗೆ ಹೋಗುತ್ತದೆ ಎಂದೆ. ಅಜ್ಜಿ ತಾಳ್ಮೆಯಿಂದ ಕೇಳಿಸಿಕೊಂಡರು. "ತೇಲೋದು ಇಟ್ಕಂಡು ನಾನೇನು ಮಾಡ್ಲಿ? ತುಳಿಯೋದು ಬೇಕು" ಎಂದವರೇ ಬ್ಯಾಂಕಿನ ಗೆಳೆಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನು ಹತ್ತು, ಇವನಲ್ಲಿ ತೂಕ ಇಲ್ಲ" ಎಂದರು. ಅವನ ತೂಕ ತೊಂಬತ್ತೆಂಟು ಕಿಲೋ. ಆ ಅಂಕಿಯನ್ನು ಮಾತ್ರ ಅವನು ಎಂದೂ ಲೆಕ್ಕಕ್ಕೆ ಹಿಡಿದವನಲ್ಲ. ಮಾತಾಡದೆ ಬೂಟು ಬಿಚ್ಚಿದ. ಅವನು ಸುತ್ತು ಹೊಡೆದ, ನಾನು ಕೊಕ್ಕೆಕೋಲಿನಿಂದ ಹುಲ್ಲು ತಿರುವಿ ಹಾಕಿದೆ. ಕಾಳು ಉದುರತೊಡಗಿತು. ಆ ಸಣ್ಣ ಸದ್ದಿಗೆ ನಮಗೆಷ್ಟು ಹೆಮ್ಮೆಯಾಯಿತೆಂದರೆ, ಅಲ್ಲಿನ ರಾಗಿಯೆಲ್ಲ ನಾವೇ ಬೆಳೆದದ್ದು ಎನ್ನಬೇಕು.

"ಬಣವೆ ಚಿಕ್ಕದಾಗಿದೆಯಲ್ಲಮ್ಮ, ಈ ಸಲ ಮಳೆ ಕೈಕೊಡ್ತಾ?" ಎಂದು ರೈತನ ಗತ್ತಿನಲ್ಲಿ ಕೇಳಿದೆ.

"ಮಳೆಗೇನು? ಇದು ಆನೆ ಉಂಡು ಮಿಕ್ಕಿದ್ದು."

ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಹಿಂಡು ಹೊರಟು, ಜವಳಗಿರಿ, ತಳಿ ದಾಟಿ, ಸಾನಮಾವಿನ ಕಾಡಿನವರೆಗೂ ಬರುತ್ತದೆ. ಪ್ರತಿ ಚಳಿಗಾಲದ ಸುದ್ದಿ. ಮರಿಗಳನ್ನು ನಡುವೆ ಬಿಟ್ಟುಕೊಂಡು ಸಾಲಾಗಿ ನಡೆಯುವ ಆ ಫೋಟೋವನ್ನು ಪೇಪರಿನಲ್ಲಿ ನೋಡಿ, "ಎಷ್ಟು ಚೆಂದ" ಎಂದು ಹತ್ತು ಜನಕ್ಕೆ ಕಳಿಸಿದವನು ನಾನೇ. ಅವು ಎಲ್ಲಿಗೆ ನಡೆಯುತ್ತಿದ್ದವು ಎಂದು ಕೇಳಿಕೊಂಡಿರಲಿಲ್ಲ. ಈ ಕಣದ ಕಡೆಗೆ.

ಮಗ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಪಟಾಕಿ ಹಿಡಿದು ಕಾದು, ಈಗ ಒಳಗೆ ಮಲಗಿದ್ದಾನಂತೆ. ಅವನಿಗೆ ಎಚ್ಚರವಾದೀತೆಂದು ಗೆಳೆಯ ಗಾಡಿ ನಿಲ್ಲಿಸಿದ. "ನೀನು ಹೊಡಿ, ಅವನೇಳಲ್ಲ. ಪಟಾಕಿಗೆ ಕಿವಿ ಮಂದ ಆಗೈತೆ" ಎಂದರು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು, ಎಂಜಿನ್ನಿನ ಮೇಲೆ ಕೈಯಿಟ್ಟು, ನಮ್ಮಿಬ್ಬರನ್ನೂ ನೋಡಿ ಕೇಳಿದರು.

"ಇದರ ಸದ್ದಿಗೆ ಆನೆ ಹೆದರ್ತವಾ?"

ಮೂವತ್ತು ವರ್ಷದ ಅನುಭವಸ್ಥ ಹುಲ್ಲು ತಿರುವಿ ಹಾಕುತ್ತಿದ್ದೆ. ಹಾಕುತ್ತಲೇ ಇದ್ದೆ.

ತೋಪಿಗೆ ಬಂದಾಗ ಮುಕ್ಕಾಲು ಗಂಟೆ ಹೆಚ್ಚಾಗಿತ್ತು. ಅದಕ್ಕೂ ಬಾಡಿಗೆ ಹಿಡಿದರು. ಚೌಕಾಸಿ ಮಾಡುವ ಬಾಯಿ ಇರಲಿಲ್ಲ, ಏಕೆಂದರೆ ಕಾಲಲ್ಲಿ ಅವರ ಬೂಟೇ ಇರಲಿಲ್ಲ. ಎರಡು ಜೊತೆಯೂ ಕಣದ ಅಂಚಿನಲ್ಲಿ. ಹುಡುಗ ತನ್ನ ಮೊಪೆಡ್ಡಿನಲ್ಲಿ ಹೋಗಿ ತಂದ.

"ಅಜ್ಜಿ ಕೇಳಿದ್ರು ಸಾರ್," ಎಂದ, "ಟ್ರ್ಯಾಕ್ಟರ್ ಬರಲ್ವಂತೆ. ನಾಳೆ ಆ ದಪ್ಪನೋರು ಒಬ್ಬರನ್ನೇ ಕಳಿಸ್ತೀರಾ ಅಂತ."